ಮೊರಾಕೊದ ಪುದೀನ ಚಹಾ: ಅತಿಥಿ ಕಣ್ಣೆದುರೇ ಆಗ್ಬೇಕಾದ ಕೆಲ್ಸ

ಭಾನುವಾರ ನಮ್ಮ ಓದುಗರ ಬಳಗದಲ್ಲಿ ಮಾತಾಡಿದ್ದನ್ನ ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ. ಮಾತಿನ ಧಾಟಿ ಅಲ್ಲಲ್ಲಿ ಹಾಗೇ ಉಳ್ಕೊಂಡಿದೆ, ಕೊನೇಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದೀನಿ.

ಎಲ್ರಿಗೂ ನಮಸ್ಕಾರ. ಮೊರಾಕೊ ಚಹಾ ಬಗ್ಗೆ ಮಾತಾಡ್ತೀನಿ ಅಂದಿದ್ದೆ, ಆದ್ರೆ ಶುರು ಮಾಡೋದು ಹೊನ್ನಾವರದಿಂದ. 1340ರ ದಶಕದಲ್ಲಿ ಮೊರಾಕೊದ ತಾಂಜಿಯರ್ ಊರಿನ ಇಬ್ನ್ ಬತೂತಾ ನಮ್ಮ ಕರಾವಳಿಗೆ ಬಂದಿದ್ದ, ಹೊನ್ನಾವರದ ಸುಲ್ತಾನ ಜಮಾಲುದ್ದೀನ್ ಜೊತೆ ಕೂತು ಊಟ ಮಾಡಿದ್ದ, ಏನೇನು ಬಡಿಸಿದ್ರು ಅಂತ ಆಮೇಲೆ ತನ್ನ ಪ್ರವಾಸ ಕಥನದಲ್ಲಿ ಒಂದೊಂದಾಗಿ ಹೇಳಿ ಬರೆಸಿದಾನೆ. ಅನ್ನದ ಮೇಲೆ ತುಪ್ಪ, ಪಕ್ಕದಲ್ಲಿ ಉಪ್ಪಿಗೆ ಹಾಕಿದ ಮೆಣಸು, ಹಸಿ ಶುಂಠಿ, ನಿಂಬೆ, ಮಾವಿನಕಾಯಿ, ಆಮೇಲೆ ಕೋಳಿ, ಮೀನು, ಕೊನೆಗೆ ಮೊಸರು, ಅದಾದ್ಮೇಲೆ ಕುಡಿಯೋಕೆ ಬಿಸಿನೀರು, ಯಾಕಂದ್ರೆ ಮಳೆಗಾಲದಲ್ಲಿ ತಣ್ಣೀರು ಮೈಗೆ ಆಗಿಬರಲ್ಲ ಅಂತ. ಅರ್ಧ ಜಗತ್ತನ್ನ ಅತಿಥಿಯಾಗೇ ಸುತ್ತಿದ ಮನುಷ್ಯ ಇವನು. ಆದ್ರೆ ತನ್ನ ಸ್ವಂತ ಊರಲ್ಲಿ ಒಂದು ಸಲಾನೂ ಪುದೀನ ಚಹಾ ಕುಡಿದಿರ್ಲಿಲ್ಲ. ಅಲ್ಲಿ ಆಗ ಚಹಾ ಅನ್ನೋದೇ ಇರ್ಲಿಲ್ಲ.

ಇದನ್ನ ಮೊದ್ಲೇ ಹೇಳಿದ್ದು ಯಾಕೆ ಅಂದ್ರೆ, ಈಗ ಮೊರಾಕೊಗೆ ಹೋದವರಿಗೆಲ್ಲ ಪುದೀನ ಚಹಾ ಸಾವಿರಾರು ವರ್ಷದ ಮರುಭೂಮಿ ಪದ್ಧತಿ ಅನ್ನೋ ಥರ ಪರಿಚಯ ಆಗುತ್ತೆ, ಟೂರಿಸ್ಟ್ ಬ್ರೋಷರ್‌ಗಳಲ್ಲೂ ಹಾಗೇ ಇರುತ್ತೆ, ಒಂಟೆ, ಟೆಂಟು, ಚಹಾ ಅಂತ ಒಂದೇ ಫೋಟೋಲಿ. ನಿಜ ಏನು ಅಂದ್ರೆ ಜನಸಾಮಾನ್ಯರ ಮನೇಲಿ ಇದು ಬಂದು ನೂರೈವತ್ತು ಚಿಲ್ಲರೆ ವರ್ಷ ಅಷ್ಟೇ ಆಗಿರೋದು. ಆ ಲೋಟದಲ್ಲಿರೋದೂ ಬಹುತೇಕ ಹೊರಗಿಂದ ಬಂದಿದ್ದೇ, ಎಲೆ ಚೀನಾದ್ದು, ಸಕ್ಕರೆ ಒಂದು ಕಾಲದಲ್ಲಿ ಫ್ರಾನ್ಸಿನ ಮಾರ್ಸೇಯಿಂದ ಬರ್ತಿತ್ತು, ಕೆಟಲಿನ ಆಕಾರ ಇಂಗ್ಲೆಂಡಿನ ಮ್ಯಾಂಚೆಸ್ಟರಿಂದು. ಪುದೀನ ಮಾತ್ರ ಅವರ ಮಣ್ಣಲ್ಲಿ ಬೆಳೆದಿದ್ದು. ಹಾಗಿದ್ರೂ ಇದಕ್ಕಿಂತ ಮೊರಾಕೊದ್ದು ಅನ್ನೋ ವಸ್ತು ಇನ್ನೊಂದಿಲ್ಲ. ಅವರು ಸೇರಿಸಿದ್ದು ಏನು ಅಂತ ಕೇಳಿದ್ರೆ ನಾನು ಹೇಳೋದು ಒಂದೇ, ಸಮಯ. ಅತಿಥಿಗೆ ಕೊಡೋ ಸಮಯ. ಇವತ್ತಿನ ಮಾತೆಲ್ಲ ಅದರ ಸುತ್ತಾನೇ.

ಚರಿತ್ರೆ ಸ್ವಲ್ಪ ನೋಡೋಣ. 18ನೇ ಶತಮಾನದ ಶುರುವಲ್ಲಿ, ಮೌಲಾಯ್ ಇಸ್ಮಾಯಿಲ್ ಸುಲ್ತಾನ ಆಳ್ತಿದ್ದಾಗ, ಯುರೋಪಿನ ರಾಯಭಾರಿಗಳು ಅರಮನೆಗೆ ಉಡುಗೊರೆಯಾಗಿ ಚಹಾ ತರ್ತಿದ್ರು. ಅದು ಅರಮನೆ ಒಳಗಿನ ಐಷಾರಾಮ, ಹೊರಗಿನ ಜನಕ್ಕೆ ಅದರ ವಾಸನೇನೂ ಗೊತ್ತಿಲ್ಲ. ಅರಮನೇಲಿ ಚಹಾ ಮಾಡೋಕೆ ಅಂತಾನೇ ಒಂದು ಸಿಬ್ಬಂದಿ ವರ್ಗ ಹುಟ್ಟಿಕೊಳ್ತು, ಮುವಾಲಿನ್ ಅತಾಯ್ ಅಂತ ಕರೀತಿದ್ರು, ಅತಾಯ್ ಅಂದ್ರೆ ಅವರ ಮಾತಲ್ಲಿ ಚಹಾ. ಜನ ಆಗ ಕುಡೀತಿದ್ದಿದ್ದು ಪುದೀನ, ಶೀಬಾ ಥರದ ಸೊಪ್ಪುಗಳನ್ನ ಬಿಸಿನೀರಲ್ಲಿ ಹಾಕಿದ ಕಷಾಯ. ಆಮೇಲೆ 1764ರಲ್ಲಿ ಸುಲ್ತಾನ ಮೂರನೇ ಮೊಹಮ್ಮದ್ ಅಟ್ಲಾಂಟಿಕ್ ದಡದಲ್ಲಿ ಮೊಗಾದೋರ್ ಅನ್ನೋ ಬಂದರು ಕಟ್ಟಿಸಿದ, ಈಗ ಅದಕ್ಕೆ ಎಸ್ಸವೀರಾ ಅಂತಾರೆ, ಅಲ್ಲಿ ಸುಲ್ತಾನನ ವರ್ತಕರು ಅನ್ನೋ ಬಿರುದಿದ್ದ ವ್ಯಾಪಾರಿಗಳು ನೆಲೆಸಿದ್ರು, ಅವರಲ್ಲಿ ಯಹೂದಿಗಳೇ ಜಾಸ್ತಿ, ಲಂಡನ್ ಜೊತೆ ಅವರ ಲೇವಾದೇವಿ ನಡೀತಿತ್ತು.

ದೊಡ್ಡ ತಿರುವು ಬಂದಿದ್ದು 1850ರ ದಶಕದಲ್ಲಿ. 1853ರಲ್ಲಿ ರಷ್ಯಾ ವಿರುದ್ಧದ ಕ್ರೈಮಿಯಾ ಯುದ್ಧ ಶುರುವಾಯ್ತು, ಬಾಲ್ಟಿಕ್ ಸಮುದ್ರದ ಕಡೆ ಬ್ರಿಟಿಷ್ ವ್ಯಾಪಾರಿಗಳು ಮಾರ್ತಿದ್ದ ಚಹಾಗೆ ದಾರಿ ಬಂದ್ ಆಯ್ತು, ಗೋದಾಮಲ್ಲಿ ಕೊಳೀತಾ ಬಿದ್ದಿರೋ ಮಾಲನ್ನ ಎಲ್ಲಿಗೆ ಸಾಗಿಸೋದು ಅಂತ ನೋಡಿ ತಾಂಜಿಯರ್ ಮತ್ತೆ ಮೊಗಾದೋರ್ ಕಡೆ ತಿರುಗಿಸಿದ್ರು. ಅದೇ ಹೊತ್ತಿಗೆ, 1856ರಲ್ಲಿ, ಬ್ರಿಟನ್ ಮೊರಾಕೊ ಜೊತೆ ವ್ಯಾಪಾರ ಒಪ್ಪಂದ ಮಾಡ್ಕೊಳ್ತು, ಜಾನ್ ಡ್ರಮಂಡ್ ಹೇ ಅನ್ನೋ ರಾಯಭಾರಿ ಕುದುರಿಸಿದ್ದು ಅದು, ಆಮದು ಸುಂಕ ಶೇಕಡಾ 10ಕ್ಕಿಂತ ಜಾಸ್ತಿ ಹಾಕೋ ಹಾಗಿಲ್ಲ ಅಂತ ಆಯ್ತು. ಮಾಲೂ ಬಂತು, ಸುಂಕಾನೂ ಇಳೀತು. ಅಲ್ಲಿಂದ ಒಂದೆರಡು ತಲೆಮಾರಲ್ಲಿ ಚಹಾ ಅರಮನೆ ಇಳಿದು ಪೇಟೆಗೆ, ಪೇಟೆಯಿಂದ ಅಟ್ಲಾಸ್ ಬೆಟ್ಟದ ಹಳ್ಳಿಗಳಿಗೆ ಹತ್ತಿತು. ವ್ಯಾಪಾರಿಗಳ ಲಾಭದ ಲೆಕ್ಕದಿಂದ ಬಂದಿದ್ದು ಇದು, ಅದನ್ನ ಮುಚ್ಚಿಡೋದು ಬೇಡ.

ಈಗ ಚಹಾ ಮಾಡೋದನ್ನೇ ಹತ್ರದಿಂದ ನೋಡೋಣ, ಯಾಕಂದ್ರೆ ಬರೀ ಚರಿತ್ರೆ ಹೇಳಿದ್ರೆ ಇದರಲ್ಲಿ ಏನಿದೆ ಅಂತ ಗೊತ್ತಾಗಲ್ಲ. ಫೆಸ್ ಊರಿನ ಹಳೇ ಪೇಟೆ ಒಳಗೆ ಒಂದು ಮನೇಲಿ ನಾನು ಕೂತು ನೋಡಿದ್ದು ಇದು. ಮನೆ ಹಿರಿಯರು ನೆಲದ ಮೇಲಿನ ದಿವಾನಲ್ಲಿ ಕೂತ್ಕೊಂಡ್ರು, ಅವರೆದುರು ಸಿನಿಯಾ, ಅಂದ್ರೆ ಕೆತ್ತನೆ ಇರೋ ದೊಡ್ಡ ಲೋಹದ ತಟ್ಟೆ, ಅದಕ್ಕೆ ಮೂರು ಗಿಡ್ಡ ಕಾಲು. ತಟ್ಟೆ ತುಂಬ ಸಣ್ಣ ಗಾಜಿನ ಲೋಟ, ನಡುವೆ ಬೆರ್ರಾದ್, ಅಂದ್ರೆ ಚಹಾ ಕೆಟಲು, ಹೊಟ್ಟೆ ದಪ್ಪ, ಕೊಕ್ಕು ಬಾಗಿದ್ದು. ಪಕ್ಕದಲ್ಲಿ ಮುಚ್ಚಳದ ಡಬ್ಬಿಗಳು, ಚಹಾಗೊಂದು, ಸಕ್ಕರೆಗೊಂದು, ಪುದೀನಕ್ಕೊಂದು. ನೀರು ಕುದಿಯೋದು ಬೇರೆ ಪಾತ್ರೇಲಿ, ಮಕ್ರಾಜ್ ಅಂತ ಅದಕ್ಕೆ.

ಚಹಾ ಎಲೆ ಸಣ್ಣ ಸಣ್ಣ ಉಂಡೆ ಥರ ಸುತ್ಕೊಂಡಿರುತ್ತೆ, ಗನ್‌ಪೌಡರ್ ಟೀ ಅಂತಾರೆ, ಚೀನಾದ ಝೆಜಿಯಾಂಗ್ ಕಡೆಯದ್ದು. ಒಂದು ಚಮಚದಷ್ಟು ಬೆರ್ರಾದ್‌ಗೆ ಹಾಕಿದ್ರು, ಒಂದು ಲೋಟ ಕುದಿಯೋ ನೀರು ಸುರಿದ್ರು, ಅಲ್ಲಾಡಿಸದೆ ಒಂದು ಗಳಿಗೆ ಬಿಟ್ಟು ಆ ನೀರನ್ನ ಒಂದು ಲೋಟಕ್ಕೆ ಬಗ್ಗಿಸಿದ್ರು, ತಿಳಿ ಜೇನು ಬಣ್ಣ. ಅದನ್ನ ಚೆಲ್ಲಲ್ಲ, ಪಕ್ಕಕ್ಕೆ ಇಟ್ಟರು, ಅದು ಚಹಾದ ರೂಹ್, ಪ್ರಾಣ ಅಂತೆ. ಎರಡನೇ ಸಲ ನೀರು ಹಾಕಿ ಈ ಸಲ ಗಲಗಲ ಅಂತ ತಿರುಗಿಸಿದ್ರು, ಬಗ್ಗಿಸಿದ್ರೆ ಬಗ್ಗಡ, ಧೂಳು, ಕಹಿ ಎಲ್ಲ ಅದರಲ್ಲಿ, ಅದನ್ನ ಚೆಲ್ಲಿದ್ರು. ಎಷ್ಟೋ ಜನ ಇಲ್ಲೇ ಉಲ್ಟಾ ಮಾಡ್ತಾರೆ, ಮೊದಲ ನೀರನ್ನ ಚೆಲ್ತಾರೆ, ಹಾಗೆ ಮಾಡಿದ್ರೆ ಒಳ್ಳೇದೆಲ್ಲ ಮೊದ್ಲೇ ಹೋಯ್ತು ಅಂತ ಅವರ ಮಾತು. ಆಮೇಲೆ ಎತ್ತಿಟ್ಟ ಲೋಟ ವಾಪಸ್ ಬೆರ್ರಾದ್‌ಗೆ, ತುಂಬ ನೀರು, ಬೆಂಕಿ ಮೇಲೆ. ಎಲೆ ಉಬ್ಬಿ ಮೇಲೆ ಬರೋ ತನಕ ಕಾಯೋದು. ಯಾರೂ ಅವಸರ ಮಾಡ್ಲಿಲ್ಲ, ಮಗಳ ಮದುವೆ, ಆಲಿವ್ ಫಸಲು, ಊರಿನ ನೀರು ಅಂತ ಮಾತು ನಡೀತಾನೇ ಇತ್ತು.

ಬೆಂಕಿಯಿಂದ ಇಳಿಸಿದ್ಮೇಲೆ ಪುದೀನ. ಕತ್ತರಿಸಲ್ಲ, ಬಿಡಿಸಲ್ಲ, ಕಡ್ಡಿ ಸಮೇತ ಒಂದು ಹಿಡಿ ತಗೊಂಡು ಸ್ವಲ್ಪ ತಿರುಚಿ ಒಳಗೆ ತುರುಕಿದ್ರು, ಅದರ ಮೇಲೆ ಸಕ್ಕರೆ ಗಟ್ಟಿಗಳು, ಎಲೆ ನೀರಿನ ಮೇಲೆ ತೇಲಬಾರ್ದು ಅಂತ ಒತ್ತಿ ಮುಳುಗಿಸಿದ್ರು, ತೇಲಿದ ಎಲೆ ಆವಿಗೆ ಬೆಂದು ರುಚಿ ಕೆಡಿಸುತ್ತೆ. ಚಮಚ ಹಾಕಿ ಕಲಸೋದಿಲ್ಲ. ಒಂದು ಲೋಟಕ್ಕೆ ಸುರಿಯೋದು, ವಾಪಸ್ ಬೆರ್ರಾದ್‌ಗೆ ಹಾಕೋದು, ಮತ್ತೆ ಸುರಿಯೋದು, ಮತ್ತೆ ಹಾಕೋದು, ಹೀಗೇ ಸಕ್ಕರೆ ಬೆರೆಯುತ್ತೆ. ಮಾಡೋರು ಮೊದ್ಲು ತಾವೇ ಒಂದು ಗುಟುಕು ರುಚಿ ನೋಡ್ತಾರೆ, ಸರಿ ಇಲ್ಲ ಅನ್ಸಿದ್ರೆ ಇನ್ನೊಂದು ಸುತ್ತು. ಎಲ್ಲ ಸರಿಯಾದ್ಮೇಲೆ ಕೈ ಎತ್ತರಕ್ಕೆ ಹೋಗುತ್ತೆ, ತೆಳ್ಳಗಿನ ಧಾರೆ ಸಣ್ಣ ಲೋಟದ ನಡುವಿಗೆ ಬೀಳುತ್ತೆ, ಮೇಲೆ ನೊರೆ ಕಟ್ಟುತ್ತೆ. ಆ ನೊರೆಗೆ ರೆಝ್ಝಾ ಅಂತಾರೆ, ಪೇಟ ಅಂತ. ಲೋಟಕ್ಕೆ ಪೇಟ ಇಲ್ದೇ ಅತಿಥಿ ಮುಂದೆ ಇಡೋದು ಮರ್ಯಾದೆ ಅಲ್ಲ. ಎತ್ತರದಿಂದ ಸುರಿಯೋದು ಟೂರಿಸ್ಟ್‌ಗಳಿಗೆ ಶೋ ಅಂತ ಅನ್ನಿಸಬಹುದು, ಆದ್ರೆ ಅದಕ್ಕೆ ಕೆಲಸ ಇದೆ, ಗಾಳಿ ಸೇರುತ್ತೆ, ಬಿಸಿ ಸ್ವಲ್ಪ ಇಳಿಯುತ್ತೆ, ಪುದೀನ ಘಮ ಇಡೀ ಕೋಣೆಗೆ ಹರಡುತ್ತೆ. ಲೋಟ ಪೂರ್ತಿ ತುಂಬಿಸಲ್ಲ, ಮೇಲೆ ಜಾಗ ಬಿಡ್ತಾರೆ, ಅಂಚನ್ನ ಹೆಬ್ಬೆರಳಲ್ಲಿ, ತಳವನ್ನ ಇನ್ನೊಂದು ಬೆರಳಲ್ಲಿ ಹಿಡ್ಕೊಳ್ಳೋಕೆ.

ನಾನು ಮುಖ್ಯ ಅಂತ ಹೇಳ್ತಿರೋದು ಇಲ್ಲೇ ಇದೆ. ಈ ಕೆಲಸಾನೆಲ್ಲ ಅತಿಥಿ ಎದುರು ಮಾಡ್ತಾರೆ, ಅದೂ ಮನೆ ಹಿರಿಯರು ಅಥವಾ ಇಡೀ ಗುಂಪಲ್ಲಿ ಕೈ ಚೆನ್ನಾಗಿರೋ ಒಬ್ಬರು. ಕೆಲವು ಸಲ ಅತಿಥಿಗೇ ನೀವೇ ಮಾಡಿ ಅಂತ ಸಿನಿಯಾನ ಮುಂದಕ್ಕೆ ತಳ್ತಾರೆ, ಅದು ದೊಡ್ಡ ಗೌರವ. ನೀವು ಬಂದಿದೀರ, ನಿಮಗೋಸ್ಕರ ನಾನು ಬೇರೆಲ್ಲ ಬಿಟ್ಟು ಈ ಹೊತ್ತು ಇಲ್ಲೇ ಕೂತಿದೀನಿ ಅಂತ ಬಾಯಲ್ಲಿ ಹೇಳೋ ಅಗತ್ಯಾನೇ ಬರಲ್ಲ. ಈಗ ಕಾಸಾಬ್ಲಾಂಕಾ, ರಬಾತ್ ಥರದ ಊರಿನ ಫ್ಲ್ಯಾಟ್‌ಗಳಲ್ಲಿ ಅಡುಗೆಮನೇಲೇ ಗ್ಯಾಸ್ ಮೇಲೆ ಮಾಡಿ ತರ್ತಾರೆ, ಸುರಿಯೋದು ಮಾತ್ರ ಎದುರಲ್ಲೇ ಉಳಿದಿದೆ. ನನಗೆ ಅದರಲ್ಲಿ ಬೇಜಾರಿಲ್ಲ, ಕಾಲ ಬದಲಾಗುತ್ತೆ. ಇನ್ನೊಂದು ಮಾತೂ ಹೇಳ್ಬೇಕು. ಗಂಡಸರು ಸಿನಿಯಾ ಮುಂದೆ ಕೂತು ಸುರೀತಿರೋವಾಗ ಒಳಗಡೆ ಬಾದಾಮಿ ಅರೆದು ಕಾಬ್ ಎಲ್ ಘಝಾಲ್ ಅನ್ನೋ ಕೋಡಿನ ಆಕಾರದ ಸಿಹಿ ಮಾಡಿದ್ದು, ಎಂಸೆಮ್ಮೆನ್ ರೊಟ್ಟಿ ಮಡಿಸಿ ಬೇಯಿಸಿದ್ದು, ಆ ಲೋಟಗಳನ್ನ ತೊಳೆದು ಒರೆಸಿದ್ದು ಹೆಂಗಸರು. ಫೋಟೋಲಿ ಬರೋದು ಸುರಿಯೋ ಕೈ ಮಾತ್ರ. ಹೆಂಗಸರದ್ದೇ ಕೂಟ ಆದಾಗ ಅವರೇ ಸುರೀತಾರೆ, ನಗು ಜೋರಾಗಿರುತ್ತೆ, ನಾನು ಬಾಗಿಲಾಚೆಯಿಂದ ಕೇಳಿದೀನಿ ಅಷ್ಟೇ.

ಸಕ್ಕರೆ ವಿಷ್ಯ ಬಿಟ್ಟರೆ ಈ ಚಹಾ ಅರ್ಥ ಆಗಲ್ಲ. ಅಲ್ಲಿ ಸಕ್ಕರೆ ಶಂಕುವಿನ ಆಕಾರದಲ್ಲಿ ಬರುತ್ತೆ, ನಮ್ಮ ಬೆಲ್ಲದ ಅಚ್ಚನ್ನ ಎತ್ತರಕ್ಕೆ ಎಳೆದ ಹಾಗೆ, ಒಂದೊಂದು 2 ಕಿಲೋ, ನೀಲಿ ಕಾಗದ ಸುತ್ತಿರುತ್ತೆ. ಅದನ್ನ ಸಣ್ಣ ಸುತ್ತಿಗೇಲಿ ಒಡೆದು ಹಾಕೋದು. 16ನೇ ಶತಮಾನದ ಕೊನೇಲಿ ಸಾದಿಯನ್ ವಂಶದ ಸುಲ್ತಾನ ಅಹ್ಮದ್ ಅಲ್ ಮನ್ಸೂರ್ ಕಾಲಕ್ಕೆ ಮೊರಾಕೊನೇ ಕಬ್ಬು ಬೆಳೆದು ಸಕ್ಕರೆ ರಫ್ತು ಮಾಡ್ತಿತ್ತು, ಮರಾಕೆಶ್‌ನ ಅಲ್ ಬದೀ ಅರಮನೆಗೆ ಇಟಲಿಯಿಂದ ಅಮೃತಶಿಲೆ ತರಿಸಿ ಅದಕ್ಕೆ ತೂಕಕ್ಕೆ ತೂಕ ಸಕ್ಕರೆ ಕೊಟ್ಟ ಅನ್ನೋ ಮಾತಿದೆ. ಆಮೇಲೆ ಆ ಉದ್ಯಮ ನಾಶ ಆಯ್ತು. 19ನೇ ಶತಮಾನದಲ್ಲಿ ಚಹಾ ಜೊತೆ ಸಕ್ಕರೆ ಮತ್ತೆ ಬಂದಾಗ ಅದು ಹೊರಗಿನ ದುಬಾರಿ ವಸ್ತು. ಹಾಗಾಗಿ ಅತಿಥಿ ಲೋಟಕ್ಕೆ ಕೈಬಿಚ್ಚಿ ಸಕ್ಕರೆ ಹಾಕೋದು ಅಂದ್ರೆ ಮನೇಲಿರೋ ಬೆಲೆಬಾಳೋ ವಸ್ತು ನಿಮಗೆ ಅಂತ ಲೆಕ್ಕ. ಚಹಾ ಅಷ್ಟು ಸಿಹಿ ಯಾಕೆ ಅಂತ ಕೇಳೋರಿಗೆ ನನ್ನ ಉತ್ತರ ಇದೇ. 1929ರಲ್ಲಿ ಕಾಸಾಬ್ಲಾಂಕಾದಲ್ಲಿ ಸಕ್ಕರೆ ಕಾರ್ಖಾನೆ ಬಂತು, ಇವತ್ತಿನ ಕೋಸುಮಾರ್ ಕಂಪನಿ ಅದೇ, ಈಗ್ಲೂ ಶಂಕುವಿನ ಆಕಾರದಲ್ಲಿ ಮಾಡ್ತಾರೆ. ಹುಡುಗಿ ಕೇಳೋಕೆ ಹೋಗುವಾಗ, ಮಗು ಹುಟ್ಟಿದಾಗ, ಹಜ್ ಮುಗಿಸಿ ಬಂದವರನ್ನ ನೋಡೋಕೆ, ಸಾವಿನ ಮನೆಗೆ, ಎಲ್ಲದಕ್ಕೂ ಕೈಲಿ ಈ ಸಕ್ಕರೆ ಹಿಡ್ಕೊಂಡೇ ಹೋಗ್ತಾರೆ.

ಇದೆಲ್ಲ ಸಲೀಸಾಗಿ ಒಪ್ಪಿಗೆ ಆಯ್ತು ಅಂತ ಅಂದ್ಕೋಬೇಡಿ. ಧಾರ್ಮಿಕ ವಿದ್ವಾಂಸರ ನಡುವೆ ಜೋರು ವಾದ ನಡೀತು, ಹೊರಗಿನ ಸಕ್ಕರೆಯನ್ನ ಶುದ್ಧ ಮಾಡೋಕೆ ಮೂಳೆ, ರಕ್ತ ಬಳಸ್ತಾರಂತೆ, ಅದು ನಮಗೆ ಸಲ್ಲುತ್ತಾ ಅಂತ. ಕತ್ತಾನಿಯಾ ಅನ್ನೋ ಸೂಫಿ ಪಂಥ ತನ್ನವರಿಗೆ ಚಹಾ ಬೇಡ ಅಂದಿತ್ತು, ಯುರೋಪಿನ ಮಾಲಿಗೆ ನಮ್ಮ ದುಡ್ಡು ಹರಿದು ಹೋಗ್ತಿದೆ ಅನ್ನೋ ಆತಂಕಾನೂ ಆ ಕಾಲದ ಮಾತುಗಳಲ್ಲಿ ಇತ್ತು. ಆ ಆತಂಕ ಸುಳ್ಳಾಗ್ಲಿಲ್ಲ, 1912ಕ್ಕೆ ಮೊರಾಕೊದ ಬಹುಭಾಗ ಫ್ರೆಂಚರ ಕೈಗೆ ಹೋಯ್ತು, 1956ರ ತನಕ. ಬಡವರಿಗೆ ಬರ್ತಾ ಬರ್ತಾ ಚಹಾನೇ ಊಟ ಆಯ್ತು, ರೊಟ್ಟಿ, ಆಲಿವ್ ಎಣ್ಣೆ, ಸಿಹಿ ಚಹಾ, ಅಷ್ಟರಲ್ಲೇ ಹೊಲದ ಕೆಲಸಕ್ಕೆ ಹೋಗೋದು. ಎರಡನೇ ಮಹಾಯುದ್ಧದ ಹೊತ್ತಲ್ಲಿ ಚಹಾ, ಸಕ್ಕರೆ ಎಲ್ಲ ಕೂಪನ್ ಮೇಲೆ ಬಂತು, 1945ರ ಬರಗಾಲವನ್ನ ಅಲ್ಲಿನ ಹಳಬರು ಇವತ್ತಿಗೂ ಕೂಪನ್ ವರ್ಷ ಅಂತಾನೇ ನೆನಪಿಟ್ಕೊಂಡಿದಾರೆ. ಮನೆಗೆ ಬಂದವರಿಗೆ ಒಂದು ಲೋಟ ಚಹಾ ಕೊಡೋಕಾಗದೇ ಇರೋದು ಹಸಿವಿಗಿಂತ ಹೆಚ್ಚು ನೋವು ಕೊಟ್ಟಿರುತ್ತೆ ಅಂತ ನನಗೆ ಅನ್ಸುತ್ತೆ. ಸ್ವಾತಂತ್ರ್ಯ ಬಂದ್ಮೇಲೂ ಚಹಾ ಆಮದು 1990ರ ದಶಕದ ತನಕ ಸರ್ಕಾರಿ ಸಂಸ್ಥೆ ಕೈಲೇ ಇತ್ತು, ಸಕ್ಕರೆಗೆ ಸಬ್ಸಿಡಿ ಈಗ್ಲೂ ಇದೆ. ಚೀನಾದ ಹಸಿರು ಚಹಾಗೆ ಬಹಳ ವರ್ಷಗಳಿಂದ ಅತಿ ದೊಡ್ಡ ಗಿರಾಕಿ ಮೊರಾಕೊನೇ.

ಕೆಟಲಿನ ಕಥೆ ಚಿಕ್ಕದು. ಮ್ಯಾಂಚೆಸ್ಟರಿನ ರೈಟ್ ಅನ್ನೋರ ಬೆಳ್ಳಿ ಲೇಪದ ಕೆಟಲು ಅಲ್ಲಿ ಎಷ್ಟು ಫೇಮಸ್ ಆಯ್ತು ಅಂದ್ರೆ ಒಳ್ಳೇ ಬೆರ್ರಾದ್‌ಗೆ ಆ ಹೆಸರೇ ನಿಂತುಬಿಡ್ತು, ಆಮೇಲೆ ಫೆಸ್‌ನ ಕುಶಲಕರ್ಮಿಗಳು ಅದೇ ಆಕಾರನ ತಮ್ಮ ಕೈಲಿ ತಟ್ಟಿ ಮಾಡೋಕೆ ಶುರು ಮಾಡಿದ್ರು.

ಪುದೀನ ಬಗ್ಗೆ ಮಾತ್ರ ಅವರ ಹತ್ರ ಮಾತು ಮುಗಿಯಲ್ಲ. ಮೆಕ್ನೆಸ್ ಹತ್ರದ ಝರ್ಹೂನ್ ಬೆಟ್ಟದ ಪುದೀನ ಅಂತ ಒಬ್ಬರು, ಇಲ್ಲ ದಕ್ಷಿಣದ ತಿಝ್ನಿತ್‌ದೇ ಬೆಸ್ಟ್ ಅಂತ ಇನ್ನೊಬ್ಬರು. ಬೆಳಗ್ಗೆ ಮಾರ್ಕೆಟ್ಟಲ್ಲಿ ಕಟ್ಟು ಕಟ್ಟಾಗಿ ಗಾಡಿ ತುಂಬ ಬರುತ್ತೆ, ಕೊಳ್ಳೋರು ಎಲೆ ಉಜ್ಜಿ ಮೂಸಿ ನೋಡ್ತಾರೆ. ಚಳಿಗಾಲದಲ್ಲಿ ಪುದೀನದ ಕಸುವು ಕಮ್ಮಿ, ಅದು ತಂಪು ಬೇರೆ, ಹಾಗಾಗಿ ಆಗ ಶೀಬಾ ಹಾಕ್ತಾರೆ, ಬೂದಿ ಬಣ್ಣದ ಎಲೆ, ಚೆನ್ನಾಗೇ ಕಹಿ, ಮೈ ಬೆಚ್ಚಗಿಡುತ್ತೆ ಅಂತ ನಂಬಿಕೆ. ನಿಂಬೆ ಘಮದ ಲೂಯಿಝಾ, ಮರುಗ, ಸೇಜ್ ಎಲ್ಲ ಹಾಕೋರಿದಾರೆ, ನೆಗಡಿ ಆದ್ರೆ ಫ್ಲಿಯೋ ಅನ್ನೋ ಕಾಡು ಪುದೀನ, ಕೆಲವರು ಕಿತ್ತಳೆ ಹೂವಿನ ನೀರು ಒಂದೆರಡು ಹನಿ. ತಾಲಿವೀನ್ ಕಡೆ ಕೇಸರಿ ಬೆಳೀತಾರೆ, ಅಲ್ಲಿ ಚಹಾಗೂ ಕೇಸರಿ ಬೀಳುತ್ತೆ.

ಗುಲ್ಮಿಮ್ ಊರು ದಾಟಿ ಸಹಾರಾ ಕಡೆ ಹೋದ್ರೆ ಚಹಾ ಬೇರೇನೇ ಆಗಿಬಿಡುತ್ತೆ. ಅಲ್ಲಿ ಪುದೀನ ಕಮ್ಮಿ, ಎಲೆ ಜಾಸ್ತಿ, ಲೋಟ ಇನ್ನೂ ಸಣ್ಣದು, ಕೆಂಡದ ಮೇಲೆ ನಿಧಾನಕ್ಕೆ ಕಾಯಿಸಿ ಅದೇ ಎಲೆಯಿಂದ ಮೂರು ಸುತ್ತು ತೆಗೀತಾರೆ. ಮೊದಲನೇದು ಬದುಕಿನ ಹಾಗೆ ಮೃದು, ಎರಡನೇದು ಪ್ರೀತಿ ಹಾಗೆ ಗಾಢ, ಮೂರನೇದು ಸಾವಿನ ಹಾಗೆ ಕಹಿ ಅಂತ ಒಂದು ಗಾದೆ ನೀವು ಎಲ್ಲಾ ಕಡೆ ಓದಿರ್ತೀರ, ಅದು ಈ ಸಹಾರಾ ಪ್ರದೇಶದ ಮೂರು ಲೋಟದ ಪದ್ಧತಿಗೆ ಸೇರಿದ್ದು. ನನಗೆ ಅದಕ್ಕಿಂತ ಇಷ್ಟ ಆಗೋದು ಅಲ್ಲಿಯ ಹಸ್ಸಾನಿಯಾ ಮಾತಾಡೋ ಜನ ಹೇಳೋ ಮೂರು ಜೀಮ್, ಜೀಮ್ ಅಂದ್ರೆ ಅರಬ್ಬಿಯ ಜ ಅಕ್ಷರ, ಚಹಾಗೆ ಮೂರು ಬೇಕು ಅಂತಾರೆ, ಜಮ್ರ್ ಅಂದ್ರೆ ಕೆಂಡ, ಜಮಾಅ ಅಂದ್ರೆ ಜೊತೆಗಾರರು, ಜರ್ರ್ ಅಂದ್ರೆ ಎಳೆದು ಎಳೆದು ನಿಧಾನ ಮಾಡೋದು. ಮೂರರಲ್ಲಿ ಎಲೆನೂ ಇಲ್ಲ, ಸಕ್ಕರೆನೂ ಇಲ್ಲ ನೋಡಿ.

ಇಷ್ಟು ನನ್ನ ಮಾತು. ಆಮೇಲೆ ಪ್ರಶ್ನೆಗಳು ಬಂದ್ವು.

ಕಾರ್ಪೆಟ್ ಅಂಗಡೀಲಿ ಚಹಾ ಕೊಡೋದು ವ್ಯಾಪಾರದ ಟ್ರಿಕ್ ಅಲ್ವಾ ಅಂತ ಒಬ್ಬರು ಕೇಳಿದ್ರು. ಟೂರಿಸ್ಟ್ ಗೈಡ್‌ಗಳಲ್ಲಿ ಹುಷಾರು ಅಂತ ಬರೆದಿರ್ತಾರೆ, ಗೊತ್ತು. ಮಾರೋ ಆಸೆ ಇರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಅದೇ ಅಂಗಡಿಯವನು ಪಕ್ಕದ ಅಂಗಡಿಯವನು ಬಂದ್ರೂ, ಸಾಲ ಕೇಳೋಕೆ ನೆಂಟ ಬಂದ್ರೂ, ಜಗಳ ತೀರಿಸೋಕೆ ನಾಲ್ಕು ಜನ ಸೇರಿದ್ರೂ ಅದೇ ಸಿನಿಯಾ ಇಡ್ತಾನೆ. ಚಹಾ ಕುಡಿದು ಏನೂ ಕೊಳ್ಳದೇ ಎದ್ದು ಬಂದ್ರೆ ತಪ್ಪೇನಿಲ್ಲ, ಥ್ಯಾಂಕ್ಸ್ ಹೇಳಿ ಬನ್ನಿ. ಕೂತ್ಕೊಳ್ಳೋಕೇ ಹೆದರಿ ಓಡೋದು ಅವರಿಗೆ ನೋವಾಗುತ್ತೆ.

ಡಯಾಬಿಟಿಸ್ ಇರೋರು ಏನು ಮಾಡ್ತಾರೆ ಅಂತ ಇನ್ನೊಬ್ಬರು. ಇದು ಅಲ್ಲಿ ನಿಜವಾದ ಚಿಂತೆ, ಸಕ್ಕರೆ ಬಳಕೆ ಜಗತ್ತಿನ ಸರಾಸರಿಗಿಂತ ಜಾಸ್ತಿ ಇದೆ. ಈಗ ಕೆಫೆಗಳಲ್ಲಿ ಸಕ್ಕರೆ ಗಟ್ಟಿಗಳನ್ನ ಪಕ್ಕದಲ್ಲೇ ಬೇರೆ ಇಟ್ಟು ತರೋದುಂಟು. ಮನೇಲಿ ನನಗೆ ಶುಗರ್ ಇದೆ ಅಂತ ಮೊದ್ಲೇ ಹೇಳಿದ್ರೆ ಸಕ್ಕರೆ ಇಲ್ಲದ ಒಂದು ಚಿಕ್ಕ ಬೆರ್ರಾದ್ ಬೇರೆ ಮಾಡ್ತಾರೆ, ಸಂಕೋಚ ಬೇಡ. ಎದುರು ಇಟ್ಟ ಲೋಟ ಮುಟ್ಟದೇ ಇರೋದಕ್ಕಿಂತ ಹೇಳೋದೇ ಒಳ್ಳೇದು, ಒಂದು ಗುಟುಕು ಕುಡಿದ್ರೂ ಸಾಕು. ಕುಡಿಯೋವಾಗ ಬ್ಸಹ್ಹಾ ಅಂತಾರೆ, ಆರೋಗ್ಯಕ್ಕಾಗ್ಲಿ ಅಂತ.

ಮೂರು ಲೋಟ ಕುಡೀಲೇಬೇಕಾ? ಸಹಾರಾ ಕಡೆ ಹೌದು, ಎದ್ದು ಹೋದ್ರೆ ಚೆನ್ನಾಗಿರಲ್ಲ. ಉತ್ತರದ ಊರುಗಳಲ್ಲಿ ಹಾಗೆ ಲೆಕ್ಕ ಇಲ್ಲ, ಲೋಟ ಖಾಲಿ ಆದ್ರೆ ಮತ್ತೆ ತುಂಬಿಸ್ತಾರೆ ಅಷ್ಟೇ.

ನಮ್ಮ ಮನೇಲಿ ಮಾಡಬಹುದಾ ಅಂತ ಕೊನೇ ಪ್ರಶ್ನೆ. ಧಾರಾಳವಾಗಿ. ಅಲ್ಲಿಯ ಪುದೀನ ಸ್ಪಿಯರ್‌ಮಿಂಟ್ ಜಾತಿದು, ನಮ್ಮ ಮಾರ್ಕೆಟ್ಟಿನ ಪುದೀನ ಕಟ್ಟು ನಡೆಯುತ್ತೆ, ಎಳೇದು ನೋಡಿ ತಗೊಳ್ಳಿ. ಗನ್‌ಪೌಡರ್ ಗ್ರೀನ್ ಟೀ ಆನ್‌ಲೈನಲ್ಲಿ ಸಿಗುತ್ತೆ, ಟೀ ಬ್ಯಾಗ್ ಬೇಡ, ಅದರ ಪುಡಿ ಎರಡು ಸಲ ನೀರು ಹಾಕೋ ಅಷ್ಟರಲ್ಲಿ ಸತ್ವ ಎಲ್ಲ ಬಿಟ್ಟುಬಿಡುತ್ತೆ. ಅರ್ಧ ಲೀಟರ್ ನೀರಿಗೆ ಎಲೆ ಒಂದು ಚಮಚ, ಪುದೀನ ಒಂದು ದೊಡ್ಡ ಹಿಡಿ, ಸಕ್ಕರೆ ನಾಲ್ಕೈದು ಚಮಚದಿಂದ ಶುರು ಮಾಡಿ. ಮೊದಲ ನೀರು ಎತ್ತಿಡಿ, ಎರಡನೇದು ಚೆಲ್ಲಿ, ಪುದೀನ ಹಾಕಿದ್ಮೇಲೆ ಕುದಿಸಬೇಡಿ. ಹಾಲು ಬೇಡ. ಸುರಿಯೋದನ್ನ ಮೊದಮೊದ್ಲು ತಣ್ಣೀರಲ್ಲಿ ಸಿಂಕ್ ಹತ್ರ ನಿಂತು ಪ್ರಾಕ್ಟೀಸ್ ಮಾಡ್ಕೊಳ್ಳಿ, ಹತ್ತಿರದಿಂದ ಶುರು ಮಾಡಿ ಧಾರೆ ನಿಂತ್ಮೇಲೆ ಕೈ ಮೇಲಕ್ಕೆ ಎತ್ತಿ, ನಿಲ್ಲಿಸೋವಾಗ ಮತ್ತೆ ಕೆಳಗೆ ತಂದು ನಿಲ್ಲಿಸಿ.